ನೆಲ ಡೊಂಕಾಗಿರಲಿಲ್ಲ

ಹೊಸ ಡಿಸ್ಕ್. ಹಾಕಿ ಇನ್ನೂ ಎರಡು ವಾರ ಆಗಿರಲಿಲ್ಲ. 4 ಟಿಬಿಯ ಮಾಮೂಲಿ ತಿರುಗುವ ಹಾರ್ಡ್ ಡಿಸ್ಕ್, ಅದರ ಮೇಲೆ ಇಎಕ್ಸ್‌ಟಿ4 (ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿ ಕೂರಬೇಕು ಅಂತ ನೋಡಿಕೊಳ್ಳುವ ಲಿನಕ್ಸಿನ ಫೈಲ್‌ಸಿಸ್ಟಂ), ಅದರೊಳಗೆ ಒಂದು ವರ್ಚುವಲ್ ಮಷೀನಿಗೆ (ವಿಎಂ, ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ಡಿಸ್ಕಾಗಿ ಕೆಲಸ ಮಾಡುವ 40 ಜಿಬಿ ಇಮೇಜ್ ಫೈಲ್, ಜೊತೆಗೆ ಒಂದಷ್ಟು ವಿಡಿಯೊ. ಮುಕ್ಕಾಲು ಪಾಲಿಗಿಂತ ಜಾಸ್ತಿ ಜಾಗ ಖಾಲಿ ಬಿದ್ದಿತ್ತು. ಆದರೂ ಆ ಇಮೇಜನ್ನು ಬ್ಯಾಕಪ್‌ಗೆಂದು ಓದಿಸಿದರೆ ಡಿಸ್ಕ್ ಕಟಕಟ ಅನ್ನುತ್ತಿತ್ತು. ಒಂದು ದೊಡ್ಡ ಫೈಲನ್ನು ಮೊದಲಿಂದ ಕೊನೆಗೆ ಸುಮ್ನೆ ಓದುವಾಗ ಹೆಡ್ ಹಾಗೆ ಓಡಾಡಬಾರದು. ವಿಡಿಯೊ ಫೈಲುಗಳು ಸೆಕೆಂಡಿಗೆ 150 ಎಂಬಿ ಲೆಕ್ಕದಲ್ಲಿ ಬರುತ್ತಿದ್ದವು, ಇದೊಂದು ಮಾತ್ರ 110ರ ಆಸುಪಾಸಿನಲ್ಲಿ ತೆವಳುತ್ತಿತ್ತು. ಒಂದು ಫೈಲ್ ಡಿಸ್ಕಿನಲ್ಲಿ ಎಷ್ಟು ತುಂಡಾಗಿ ಕೂತಿದೆ ಅಂತ ಹೇಳುವ ಫೈಲ್‌ಫ್ರ್ಯಾಗ್ ಓಡಿಸಿ ನೋಡಿದೆ. ಒಂಬತ್ತು ಸಾವಿರ ಚಿಲ್ಲರೆ ಎಕ್ಸ್‌ಟೆಂಟ್, ಅಂದರೆ ತುಂಡು, ಅಂತ ಬಂತು.

ಸಂಖ್ಯೆಯಲ್ಲಿ ಸೊನ್ನೆ ಒಂದು ಜಾಸ್ತಿ ಓದಿಕೊಂಡೆನಾ ಅಂತ ಇನ್ನೊಂದು ಸಲ ನೋಡಿದೆ. ಇಲ್ಲ, ಸರಿಯಾಗೇ ಇತ್ತು. ತುಂಬಿದ ಡಿಸ್ಕಿನಲ್ಲಿ ಫೈಲ್ ಚೂರುಚೂರಾಗುವುದು ಅರ್ಥವಾಗುತ್ತದೆ, ಸಿಕ್ಕಿದ ಸಂದಿಯಲ್ಲಿ ತೂರಿಕೊಳ್ಳಬೇಕಲ್ವಾ. ಇದು ಹಾಗಲ್ಲ. ಖಾಲಿ ಬಸ್ಸು ಹತ್ತಿದ ಮನೆಮಂದಿ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಕೂತ ಹಾಗಿತ್ತು.

ಬಣ್ಣದ ಚೌಕಗಳು

ಹೀಗೆ ಫೈಲ್ ಚೂರಾಗುವ ಫ್ರ್ಯಾಗ್‌ಮೆಂಟೇಶನ್ ಅಂದರೆ ಹಳೇ ಡಿಸ್ಕಿನ ಕಾಯಿಲೆ, ಹೊಸದಕ್ಕೆ ಬರೋದಿಲ್ಲ. ಈ ನಂಬಿಕೆ ನನ್ನ ತಲೆಯಲ್ಲಿ ಎಲ್ಲಿಂದ ಬಂದು ಕೂತಿತು ಅಂತ ಯೋಚಿಸಿದರೆ ಚೂರುಗಳನ್ನು ಮತ್ತೆ ಒಟ್ಟುಗೂಡಿಸುವ ವಿಂಡೋಸ್ 98ರ ಡಿಫ್ರ್ಯಾಗ್ ಪರದೆಯೇ ಕಣ್ಣ ಮುಂದೆ ಬರುತ್ತದೆ. ಕಂಪ್ಯೂಟರ್ ನಿಧಾನ ಆಯ್ತು ಅಂದರೆ ಅಕ್ಕ ಡಿಫ್ರ್ಯಾಗ್ ಹಚ್ಚುತ್ತಿದ್ದಳು. ಸಣ್ಣ ಸಣ್ಣ ಬಣ್ಣದ ಚೌಕಗಳು ಒಂದೊಂದಾಗಿ ಜಾಗ ಬದಲಾಯಿಸುತ್ತಾ, ಮೇಲಿನಿಂದ ಸಾಲುಗಟ್ಟಿಕೊಂಡು ಬರುತ್ತಿದ್ದವು. ಟಿವಿ ಬಿಟ್ಟು ಅದನ್ನೇ ನೋಡುತ್ತಾ ಕೂತಿದ್ದೇನೆ ನಾನು. ಸಿಕ್ಕಾಪಟ್ಟೆ ನಿಧಾನ, ಆದರೆ ಕಣ್ಣು ಕೀಳಲು ಆಗುತ್ತಿರಲಿಲ್ಲ. ನಡುವೆ ಬೇರೆ ಯಾವುದೋ ಪ್ರೋಗ್ರಾಂ ಡಿಸ್ಕಿಗೆ ಒಂದಿಷ್ಟು ಬರೆದರೂ ಸಾಕು, ಡ್ರೈವಿನಲ್ಲಿ ಏನೋ ಬದಲಾಗಿದೆ ಅಂತ ಹೇಳಿ ಮತ್ತೆ ಮೊದಲಿಂದ ಶುರು. "ಮೌಸ್ ಮುಟ್ಟಬೇಡ ಕಣೋ, ಎಲ್ಲ ಹಾಳಾಗುತ್ತೆ" ಅಂತ ಅಕ್ಕ ಗದರುತ್ತಿದ್ದಳು. ನಾನು ಕೈಕಟ್ಟಿ ಕೂರುತ್ತಿದ್ದೆ. ಕೊನೆಗೆ ಒಂದೇ ಬಣ್ಣದ ಸಾಲುಗಳು ನೀಟಾಗಿ ನಿಂತಾಗ ಮನೆ ಗುಡಿಸಿ ಒರೆಸಿದ ಸಮಾಧಾನ.

ಆ ನಂಬಿಕೆ ಪೂರ್ತಿ ಸುಳ್ಳೇನೂ ಅಲ್ಲ. 1984ರಲ್ಲಿ ಬರ್ಕ್‌ಲಿಯ ಮೆಕ್‌ಕ್ಯುಸಿಕ್ ಮತ್ತು ಜೊತೆಗಾರರು ಯುನಿಕ್ಸ್‌ಗೆ ತಾವು ಕಟ್ಟಿದ ಹೊಸ ಫೈಲ್‌ಸಿಸ್ಟಂ ಬಗ್ಗೆ ಬರೆಯುವಾಗ ಹಳೆಯದರ ಕಥೆಯನ್ನೂ ಹೇಳಿದ್ದರು. ಹಳೇ ಫೈಲ್‌ಸಿಸ್ಟಂ ಹೊಸದಾಗಿ ಮಾಡಿದಾಗ ಸೆಕೆಂಡಿಗೆ 175 ಕೆಬಿವರೆಗೆ ಕೊಡುತ್ತಿತ್ತು. ಕೆಲವು ವಾರ ಸಾಧಾರಣ ಬಳಕೆ ಆದಮೇಲೆ 30ಕ್ಕೆ ಇಳಿಯುತ್ತಿತ್ತು. ಖಾಲಿ ಬ್ಲಾಕುಗಳ (ಡಿಸ್ಕಿನ ಜಾಗವನ್ನು ಹಂಚಿದ ಸಣ್ಣ ಸಣ್ಣ ಖಾನೆಗಳ) ಪಟ್ಟಿ ಮೊದಲು ಕ್ರಮವಾಗಿರುತ್ತಿತ್ತು. ಫೈಲ್ ಮಾಡಿ ಅಳಿಸಿ, ಮಾಡಿ ಅಳಿಸಿ ಆ ಪಟ್ಟಿ ಕಲಸಿಹೋಗುತ್ತಿತ್ತು. ಮುಂದಿನ ಫೈಲಿಗೆ ಆ ಕಲಸಿದ ಪಟ್ಟಿಯ ತುದಿಯಲ್ಲಿ ಏನು ಸಿಕ್ಕಿತೋ ಅದೇ ಗತಿ. ಅಂದರೆ ಅಲ್ಲಿ ನಿಜಕ್ಕೂ ವಯಸ್ಸೇ ಕಾರಣ. ನನ್ನ ತಲೆಯಲ್ಲಿದ್ದ ಚಿತ್ರ ಇದೇ, ನಲವತ್ತು ವರ್ಷ ಹಳೆಯದು.

ಫಾರ್ಮ್ಯಾಟ್ ಎಂಬ ಮದ್ದು

ಹೀಗಾಗಿ ನಾನು ಮೊದಲು ಅನುಮಾನಪಟ್ಟಿದ್ದು ಡಿಸ್ಕನ್ನೇ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ತೆಗೆದೆ. ರೀಅಲೊಕೇಟೆಡ್ ಸೆಕ್ಟರ್ ಸೊನ್ನೆ, ಪೆಂಡಿಂಗ್ ಸೊನ್ನೆ, ಅಂದರೆ ಕೆಟ್ಟ ಜಾಗ ಯಾವುದೂ ಕಾಣಲಿಲ್ಲ. ಉದ್ದದ ಸೆಲ್ಫ್ ಟೆಸ್ಟ್ ರಾತ್ರಿಯಿಡೀ ಓಡಿತು, ತಪ್ಪೇನೂ ಸಿಗಲಿಲ್ಲ. (ಈಗ ಯೋಚಿಸಿದರೆ ನಗು ಬರುತ್ತದೆ. ಸೆಕ್ಟರ್ ಕೆಟ್ಟಿದ್ದರೆ ಡಿಸ್ಕೇ ಒಳಗೊಳಗೆ ಬೇರೆ ಜಾಗ ಕೊಟ್ಟುಕೊಳ್ಳುತ್ತದೆ, ಫೈಲ್‌ಸಿಸ್ಟಂಗೆ ಗೊತ್ತೂ ಆಗುವುದಿಲ್ಲ. ಫೈಲ್‌ಫ್ರ್ಯಾಗ್ ಲೆಕ್ಕದಲ್ಲಿ ಅದು ಕಾಣಿಸಿಕೊಳ್ಳುವ ಮಾತೇ ಇಲ್ಲ.) ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಇಮೇಜನ್ನು ಇನ್ನೊಂದು ಡಿಸ್ಕಿಗೆ ಸರಿಸಿ, ಇದನ್ನು ಮತ್ತೆ ಫಾರ್ಮ್ಯಾಟ್ ಮಾಡಿ, ವಾಪಸ್ ಕಾಪಿ ಮಾಡಿದೆ.

ಕಾಪಿ ಮುಗಿದ ತಕ್ಷಣ ಫೈಲ್‌ಫ್ರ್ಯಾಗ್ ಓಡಿಸಿದರೆ ಏನೇನೋ ತೋರಿಸಿತು. ಕೊನೆಯ ಕೆಲವು ಸಾಲುಗಳಿಗೆ ಡಿಸ್ಕಿನಲ್ಲಿ ಜಾಗದ ಸಂಖ್ಯೆಯೇ ಇಲ್ಲ, ಪಕ್ಕದಲ್ಲಿ ಡಿಲ್ಯಾಲಾಕ್ ಅಂತ ಒಂದು ಗುರುತು. ಇಎಕ್ಸ್‌ಟಿ4 ಬರೆದ ಕೂಡಲೇ ಜಾಗ ನಿಗದಿ ಮಾಡುವುದಿಲ್ಲ. ಮೆಮೊರಿಯಲ್ಲಿ ಇಟ್ಟುಕೊಂಡಿದ್ದು, ಡಿಸ್ಕಿಗೆ ಇಳಿಸುವ ಹೊತ್ತಿಗೆ ಎಷ್ಟು ಸೇರಿದೆ ನೋಡಿ ಅಷ್ಟಕ್ಕೂ ಒಟ್ಟಿಗೆ ಜಾಗ ಹುಡುಕುತ್ತದೆ. ಫೈಲಿನ ಬಾಲಕ್ಕೆ ಆಗಿನ್ನೂ ಜಾಗವೇ ಸಿಕ್ಕಿರಲಿಲ್ಲ, ನಾನಾಗಲೇ ಎಷ್ಟು ತುಂಡಾಗಿದೆ ಅಂತ ಕೇಳುತ್ತಿದ್ದೆ. ಸಿಂಕ್ ಮಾಡಿ, ಅಂದರೆ ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಇಳಿಸಿ, ಮತ್ತೆ ನೋಡಿದೆ. ಆರುನೂರು ಚಿಲ್ಲರೆ. ಒಂಬತ್ತು ಸಾವಿರ ಎಲ್ಲಿ, ಆರುನೂರು ಎಲ್ಲಿ! ಫಾರ್ಮ್ಯಾಟ್ ಮಾಡಿದ್ದೇ ಮದ್ದು, ಮೊದಲ ಸಲ ಏನೋ ಎಡವಟ್ಟಾಗಿತ್ತು ಅಂತ ಷರಾ ಬರೆದು ಮಲಗಿದೆ.

ಮೂರನೇ ವಾರಕ್ಕೆ ಮತ್ತೆ ಕಟಕಟ. ಐದು ಸಾವಿರ ದಾಟಿತ್ತು.

ನಾನು ಎಡವಿದ್ದು ಎಲ್ಲಿ ಅಂತ ಆಗ ಹೊಳೆಯಲೇ ಇಲ್ಲ. ಫಾರ್ಮ್ಯಾಟ್ ಮಾಡಿದ್ದೆ, ಜೊತೆಗೆ ಫೈಲನ್ನು ಹೊಸದಾಗಿ ಬರೆದೂ ಇದ್ದೆ. ಎರಡು ಕೆಲಸ ಒಟ್ಟಿಗೆ ಮಾಡಿ, ಗುಣವಾದದ್ದರ ಕೀರ್ತಿಯನ್ನು ಒಂದಕ್ಕೇ ಕಟ್ಟಿದ್ದೆ. ಫಾರ್ಮ್ಯಾಟ್ ಮಾಡದೆ ಅದೇ ಡಿಸ್ಕಿನಲ್ಲಿ ಪಕ್ಕಕ್ಕೆ ಇನ್ನೊಂದು ಕಾಪಿ ತೆಗೆದಿದ್ದರೂ ಆರುನೂರೇ ಬರುತ್ತಿತ್ತು. ಒಂದು ರಾತ್ರಿ ನಿದ್ದೆಯಾದರೂ ಉಳಿಯುತ್ತಿತ್ತು.

ಬರೆದವರು ಯಾರು?

ಆಫೀಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರೊಬ್ಬರಿದ್ದಾರೆ. ಸ್ಟೋರೇಜ್ ವಿಷಯದಲ್ಲಿ ಕೈ ಪಳಗಿದವರು. ಮಾತು ಕಮ್ಮಿ. ನಾನು ಡಿಸ್ಕಿನ ಮಾಡೆಲ್, ಸ್ಮಾರ್ಟ್ ವರದಿ, ಎರಡು ಸಲ ಫಾರ್ಮ್ಯಾಟ್ ಮಾಡಿದ್ದು, ಎಲ್ಲ ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡರು.

"ಅಲ್ಲಪ್ಪಾ, ಡಿಸ್ಕ್ ಕಥೆ ಇಷ್ಟು ಹೇಳಿದೆ. ಆ ಫೈಲ್ ಬರೆದವರು ಯಾರು?"

"ಯಾರು ಅಂದ್ರೆ... ವಿಎಂ ಬರೆಯುತ್ತೆ ಸರ್."

"ಯಾವ ಕ್ರಮದಲ್ಲಿ ಬರೆಯುತ್ತೆ? ಮೊದಲಿಂದ ಕೊನೆಗಾ?"

ನನ್ನ ಬಾಯಿ ಕಟ್ಟಿತು. ಇಮೇಜ್ ಮಾಡಿದ್ದು ಹೇಗೆ ಅಂತ ಕೇಳಿದರು. ಟ್ರಂಕೇಟ್ ಕಮಾಂಡ್ ಕೊಟ್ಟು, 40 ಜಿಬಿ ಅಂತ ಹೇಳಿ, ಅಂದೆ. "ಎಷ್ಟು ಹೊತ್ತು ಹಿಡಿಯಿತು?" ಅಂದರು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿತ್ತು. ಹೇಳುತ್ತಿದ್ದ ಹಾಗೇ ನನಗೇ ಅರ್ಥವಾಗತೊಡಗಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೂರು ವಾರದಿಂದ ನಾನು ನೆಲವನ್ನೇ ಅಳೆಯುತ್ತಿದ್ದೆ.

ಟ್ರಂಕೇಟ್ ಮಾಡಿದ ಫೈಲ್ ಸ್ಪಾರ್ಸ್ ಫೈಲ್, ಟೊಳ್ಳು. 40 ಜಿಬಿ ಅಂತ ಬೋರ್ಡು ಮಾತ್ರ ಇರುತ್ತದೆ, ಒಳಗೆ ಒಂದು ಬ್ಲಾಕೂ ಇರುವುದಿಲ್ಲ. ಯಾರಾದರೂ ಅದರ ಯಾವುದಾದರೂ ಭಾಗಕ್ಕೆ ಬರೆದಾಗ ಮಾತ್ರ ಆ ಭಾಗಕ್ಕೆ ಜಾಗ. ವಿಎಂ ಒಳಗೆ ನಡೆಯುತ್ತಿದ್ದದ್ದು ಒಂದು ಡೇಟಾಬೇಸ್. ಅದು ಇಲ್ಲೊಂದು ಪೇಜು, ಅಲ್ಲೊಂದು ಪೇಜು ಬರೆಯುತ್ತದೆ, ಬರೆದದ್ದು ಡಿಸ್ಕ್ ಸೇರಿತಾ ಅಂತ ಖಾತ್ರಿ ಮಾಡಿಕೊಳ್ಳಲು ಹೆಜ್ಜೆಹೆಜ್ಜೆಗೂ ಎಫ್‌ಸಿಂಕ್ ಕೊಡುತ್ತದೆ. ಮೇಲೆ ಹೇಳಿದ ಆ ತಡಮಾಡಿ ಜಾಗ ಕೊಡುವ ಜಾಣತನ ಇದೆಯಲ್ಲ, ಅದಕ್ಕೆ ಕಾಯಲು ಸಮಯ ಬೇಕು. ಲಿನಕ್ಸ್ ಸುಮ್ಮನೆ ಬಿಟ್ಟರೆ ಬರೆದ ಮಾಹಿತಿಯನ್ನು 30 ಸೆಕೆಂಡುವರೆಗೂ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಅಷ್ಟರಲ್ಲಿ ಅಕ್ಕಪಕ್ಕದ ಬ್ಲಾಕುಗಳು ಒಟ್ಟು ಸೇರುತ್ತವೆ. ಎಫ್‌ಸಿಂಕ್ ಬಂದರೆ ಕಾಯುವ ಹಾಗಿಲ್ಲ. ಕೈಯಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಈಗಲೇ ಜಾಗ ಕೊಡಬೇಕು. ಫೈಲಿನ 3ನೇ ಜಿಬಿಯ ಒಂದು ಚೂರು, ಆಮೇಲೆ 31ನೇ ಜಿಬಿಯ ಒಂದು ಚೂರು, ಮತ್ತೆ 3ಕ್ಕೆ ವಾಪಸ್. ಫೈಲ್‌ಸಿಸ್ಟಂ ಪಾಪ ತನಗೆ ತಿಳಿದಷ್ಟರಲ್ಲಿ ಒಪ್ಪ ಮಾಡುತ್ತಲೇ ಇತ್ತು. ಮುಂದೆ ಏನು ಬರುತ್ತದೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ.

ಫಾರ್ಮ್ಯಾಟ್ ಆದಮೇಲೆ ಆರುನೂರಕ್ಕೆ ಇಳಿದು ಮತ್ತೆ ಏರಿದ್ದೂ ಇದರಿಂದಲೇ. ಸಿಪಿ ಕಮಾಂಡ್ ಟೊಳ್ಳು ಫೈಲನ್ನು ಗುರುತಿಸಿ ಟೊಳ್ಳನ್ನು ಟೊಳ್ಳಾಗೇ ಉಳಿಸಿಕೊಂಡು ಕಾಪಿ ಮಾಡುತ್ತದೆ. ಬರೆದಿದ್ದ ಭಾಗಗಳು ಕ್ರಮವಾಗಿ ಕೂತವು. ತೂತುಗಳು ತೂತಾಗೇ ಉಳಿದವು. ಡೇಟಾಬೇಸ್ ಬೆಳೆಯುತ್ತಾ ಆ ತೂತುಗಳೊಳಗೆ ಮತ್ತೆ ಚೂರುಚೂರು ತುಂಬಿತು. ಬೇರೆ ಬೇರೆ ಕಡೆಯಿಂದ ತುಂಡುತುಂಡಾಗಿ, ಕ್ರಮವಿಲ್ಲದೆ ಇಳಿಸಿಕೊಳ್ಳುವ ಟೊರೆಂಟ್ ಪ್ರೋಗ್ರಾಂಗಳದ್ದೂ ಇದೇ ಪಾಡು. ಅದಕ್ಕೇ ಅವುಗಳ ಸೆಟಿಂಗ್ಸ್‌ನಲ್ಲಿ ಮೊದಲೇ ಜಾಗ ಕಾದಿರಿಸು ಅನ್ನುವಂಥ ಆಯ್ಕೆ ಇರುತ್ತದೆ. ನಾನು ಅದನ್ನು ಎಷ್ಟೋ ಸಲ ನೋಡಿ ಮುಂದಕ್ಕೆ ಹೋಗಿದ್ದೇನೆ.

ಖಾಲಿ ಹೊಲಕ್ಕೂ ಬದು ಇರುತ್ತೆ

ಇಷ್ಟಾದರೂ ಒಂದು ಹುಳ ತಲೆಯಲ್ಲಿ ಉಳಿದಿತ್ತು. ಕ್ರಮವಾಗಿ ಬರೆದ ವಿಡಿಯೊ ಫೈಲುಗಳೂ ಒಂದೇ ತುಂಡಾಗಿರಲಿಲ್ಲ. ನಾಲ್ಕೈದು, ಕೆಲವು ಹತ್ತು. ಖಾಲಿ ಡಿಸ್ಕಿನಲ್ಲಿ, ಕ್ರಮವಾಗಿ ಬರೆದರೂ ಯಾಕೆ? ಇದನ್ನು ನೋಡೇಬಿಡೋಣ ಅಂತ ಇನ್ನೊಂದು ಖಾಲಿ ಡಿಸ್ಕ್ ತಗೊಂಡು ಹೊಸ ಇಎಕ್ಸ್‌ಟಿ4 ಮಾಡಿ, ಎಲ್ಲಕ್ಕಿಂತ ಮೇಲಿನ ಡೈರೆಕ್ಟರಿಯಲ್ಲೇ ಡಿಡಿ ಕಮಾಂಡಿನಿಂದ ಬರೀ ಸೊನ್ನೆ ತುಂಬಿದ 4 ಜಿಬಿ ಫೈಲ್ ಬರೆದೆ. ಬೇರೆ ಯಾರೂ ಆ ಡಿಸ್ಕನ್ನು ಮುಟ್ಟುತ್ತಿರಲಿಲ್ಲ. ಫೈಲ್‌ಫ್ರ್ಯಾಗ್‌ನಲ್ಲಿ ಬಂದದ್ದು 9 ತುಂಡು.

ವಿವರದ ಪಟ್ಟಿ ತೆಗೆದೆ. ಅದರಲ್ಲಿ ಎಕ್ಸ್‌ಪೆಕ್ಟೆಡ್ ಅಂತ ಒಂದು ಕಾಲಂ ಇರುತ್ತದೆ. ಹಿಂದಿನ ತುಂಡು ಮುಗಿದ ಜಾಗದಿಂದಲೇ ಮುಂದಿನದು ಶುರುವಾದರೆ ಅದು ಖಾಲಿ. ಜಿಗಿತ ಇದ್ದರೆ, ಜಿಗಿಯದೇ ಇದ್ದಿದ್ದರೆ ಯಾವ ಬ್ಲಾಕ್ ಬರಬೇಕಿತ್ತು ಅನ್ನುವ ಸಂಖ್ಯೆ. ಆ ಕಾಲಂನಲ್ಲಿ ಹೀಗೆ ಇತ್ತು: 98304, 163840, 229376, 294912. ಈ ಸಂಖ್ಯೆಗಳನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಸ್ವಲ್ಪ ಹೊತ್ತು ಒದ್ದಾಡಿ, ಟರ್ಮಿನಲ್ಲನ್ನು ಮೇಲಕ್ಕೆ ಉರುಳಿಸಿದರೆ, ಅಲ್ಲೇ ಇದೆ! ಫೈಲ್‌ಸಿಸ್ಟಂ ಮಾಡುವಾಗ ಎಂಕೆಎಫ್‌ಎಸ್ ಕೊನೆಯಲ್ಲಿ ಸೂಪರ್‌ಬ್ಲಾಕ್ (ಇಡೀ ಫೈಲ್‌ಸಿಸ್ಟಂನ ಮೂಲ ವಿವರ) ಬ್ಯಾಕಪ್ ಇರುವ ಬ್ಲಾಕುಗಳು ಅಂತ ಒಂದು ಉದ್ದ ಸಾಲು ಮುದ್ರಿಸುತ್ತದಲ್ಲ, 32768, 98304, 163840, 229376, 294912, 819200, 884736 ಅಂತ, ಅದೇ ಸಾಲು. ಎಷ್ಟು ವರ್ಷದಿಂದ ಅದನ್ನು ನೋಡುತ್ತಿದ್ದೇನೋ. ಓದಿದ್ದು ಆವತ್ತೇ.

ಇಎಕ್ಸ್‌ಟಿ4 ಡಿಸ್ಕನ್ನು ಬ್ಲಾಕ್ ಗ್ರೂಪ್‌ಗಳಾಗಿ ಹಂಚುತ್ತದೆ. ಬ್ಲಾಕ್ 4 ಕೆಬಿ ಆದರೆ ಗ್ರೂಪಿಗೆ 32,768 ಬ್ಲಾಕ್, ಅಂದರೆ 128 ಎಂಬಿ. 1ನೇ ಗ್ರೂಪಿನಲ್ಲೂ, ಆಮೇಲೆ 3, 5, 7ರ ಘಾತಗಳ ಗ್ರೂಪುಗಳಲ್ಲೂ, ಅಂದರೆ 3, 5, 7, 9, 25, 27 ಹೀಗೆ, ಸೂಪರ್‌ಬ್ಲಾಕಿನ ಒಂದೊಂದು ನಕಲು ಕೂತಿರುತ್ತದೆ. ಡಿಸ್ಕಿನ ತಲೆಭಾಗ ಕೆಟ್ಟರೆ ಜೀವ ಉಳಿಸುವುದು ಅದೇ. ಫೈಲ್ ಅದರ ಮೇಲೆ ಹರಿದು ಹೋಗುವಂತಿಲ್ಲ, ದಾಟಿ ಹೋಗಬೇಕು. ದಾಟಿದಾಗ ಒಂದು ತುಂಡು. ನನ್ನ ಪಟ್ಟಿಯಲ್ಲಿ ಇನ್ನೊಂದು ಜಿಗಿತ 524288ರಲ್ಲಿತ್ತು, ಅದು ಬ್ಯಾಕಪ್ ಅಲ್ಲ. 16ನೇ ಗ್ರೂಪಿನ ಶುರು. 16 ಗ್ರೂಪುಗಳ ಐನೋಡ್ ಟೇಬಲ್ಲು (ಫೈಲುಗಳ ವಿವರದ ಪಟ್ಟಿ), ಬಿಟ್‌ಮ್ಯಾಪು (ಯಾವುದು ಖಾಲಿ, ಯಾವುದು ಭರ್ತಿ ಅನ್ನುವ ಲೆಕ್ಕ) ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕುವ ಫ್ಲೆಕ್ಸ್‌ಬಿಜಿ ಅನ್ನೋ ಏರ್ಪಾಡು ಇದೆ, 2 ಜಿಬಿಗೊಮ್ಮೆ ಆ ಗುಡ್ಡೆ ಎದುರಾಗುತ್ತದೆ.

ಖಾಲಿ ಜಾಗ ಹೇಗಿದೆ ಅಂತ ತೋರಿಸುವ ಇ2ಫ್ರೀಫ್ರ್ಯಾಗ್ ಓಡಿಸಿದರೆ ಇದೇ ಮಾತು ಇನ್ನೊಂದು ಕಡೆಯಿಂದ ಕಾಣುತ್ತದೆ. ಅತಿ ದೊಡ್ಡ ಖಾಲಿ ಜಾಗ 2064256 ಕೆಬಿ ಅಂತ ಬಂತು. ಮೊದಲು ಏನಪ್ಪಾ ಇದು ವಿಚಿತ್ರ ಸಂಖ್ಯೆ ಅನ್ನಿಸಿತು. ಲೆಕ್ಕ ಮಾಡಿ ನೋಡಿ: 2 ಜಿಬಿ ಅಂದರೆ 2097152 ಕೆಬಿ. 16 ಗ್ರೂಪಿನ ಐನೋಡ್ ಟೇಬಲ್ಲಿಗೆ 32 ಎಂಬಿ ಕಳೆಯಿರಿ, 32 ಬಿಟ್‌ಮ್ಯಾಪ್ ಬ್ಲಾಕಿಗೆ 128 ಕೆಬಿ ಕಳೆಯಿರಿ. ಸರಿಯಾಗಿ ಅದೇ ಉಳಿಯುತ್ತದೆ. ಒಂದು ಅಕ್ಷರ ಬರೆಯುವ ಮುಂಚೆಯೇ ಈ ಡಿಸ್ಕ್ 2 ಜಿಬಿಗೊಂದು ಬದು ಹಾಕಿಕೊಂಡು ಕೂತಿತ್ತು. 2 ಜಿಬಿಗಿಂತ ದೊಡ್ಡ ಫೈಲ್ ಇಲ್ಲಿ ಒಂದೇ ತುಂಡಾಗಿ ಕೂರಲು ಆಗುವುದೇ ಇಲ್ಲ, ಏನೇ ತಿಪ್ಪರಲಾಗ ಹಾಕಿದರೂ. ಒಪ್ಪಿಕೊಳ್ಳುತ್ತೇನೆ, ಈ ಕಳೆಯುವ ಲೆಕ್ಕ ಕೆಬಿಗೆ ಕೆಬಿ ತಾಳೆಯಾದಾಗ ಸಿಕ್ಕಿದ ಖುಷಿ ಮೂಲ ತೊಂದರೆ ಬಗೆಹರಿದಾಗಲೂ ಸಿಗಲಿಲ್ಲ.

ಹನ್ನೆರಡು ಮಿಲಿಸೆಕೆಂಡು

ಹಾಗಾದರೆ 9 ತುಂಡು ಕೆಟ್ಟದ್ದಾ? 9,000? ಸಂಖ್ಯೆ ನೋಡಿ ಗಾಬರಿ ಬೀಳುವ ಮುಂಚೆ ಮಾಡಬೇಕಿದ್ದ ಲೆಕ್ಕವನ್ನು ನಾನು ಎಲ್ಲಾ ಮುಗಿದಮೇಲೆ ಮಾಡಿದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಸೆಕ್ಟರ್ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ನಾಲ್ಕು ಚಿಲ್ಲರೆ. ಹೆಡ್ ಓಡಲು ಸುಮಾರು ಎಂಟು ಸೇರಿಸಿ. ಒಂದು ಜಿಗಿತಕ್ಕೆ 12 ಮಿಲಿಸೆಕೆಂಡು ಅಂತ ಇಟ್ಟುಕೊಳ್ಳಿ, ಹತ್ತಿರದ ಜಿಗಿತ ಆದರೆ ಇನ್ನೂ ಕಮ್ಮಿ. 4 ಜಿಬಿ ಓದಲು ಸುಮಾರು ಅರ್ಧ ನಿಮಿಷ ಬೇಕು, ಅದರಲ್ಲಿ 9 ತುಂಡಿನ ಖರ್ಚು ಸೆಕೆಂಡಿನ ಹತ್ತನೇ ಒಂದು ಪಾಲು. ಯಾರಿಗೆ ಬೇಕು ಅದು? 40 ಜಿಬಿ ಇಮೇಜಿಗೆ ಬಂದರೆ, ಸಲೀಸಾಗಿ ಓದಲು ಐದು ನಿಮಿಷಕ್ಕೆ ಸ್ವಲ್ಪ ಕಮ್ಮಿ. 9,000 ಜಿಗಿತಕ್ಕೆ 108 ಸೆಕೆಂಡು ಮೇಲೆ ಬೀಳುತ್ತದೆ. ಸೆಕೆಂಡಿಗೆ 150 ಎಂಬಿ ಇದ್ದದ್ದು 110ಕ್ಕೆ ಬಂದದ್ದಕ್ಕೂ ಇದಕ್ಕೂ ಹೆಚ್ಚುಕಮ್ಮಿ ಸರಿಹೋಯಿತು. ಇಎಕ್ಸ್‌ಟಿ4 ಜೊತೆ ಬರುವ ಇ4ಡಿಫ್ರ್ಯಾಗ್ ಕೂಡ ಒಂದು ಅಂಕ ಕೊಡುತ್ತದೆ, 30ರವರೆಗೆ ಏನೂ ತೊಂದರೆ ಇಲ್ಲ, 56 ದಾಟಿದರೆ ಡಿಫ್ರ್ಯಾಗ್ ಮಾಡಿ ಅಂತ. ನನಗೆ ಈ ಮಿಲಿಸೆಕೆಂಡಿನ ಲೆಕ್ಕವೇ ಇಷ್ಟ, ಯಾಕೆ ಅಂತ ಗೊತ್ತಿರುತ್ತದೆ.

ಬರೀ ಎಣಿಕೆ ಮೋಸ ಮಾಡುವುದೂ ಉಂಟು. ಬಿಟಿಆರ್‌ಎಫ್‌ಎಸ್ ಅನ್ನೋ ಇನ್ನೊಂದು ಫೈಲ್‌ಸಿಸ್ಟಂನಲ್ಲಿ ಕಂಪ್ರೆಷನ್ ಹಾಕಿದ್ದರೆ ಒಂದು ಎಕ್ಸ್‌ಟೆಂಟ್ 128 ಕೆಬಿ ಮೀರುವುದಿಲ್ಲ. 1 ಜಿಬಿ ಫೈಲ್ ಅಕ್ಕಪಕ್ಕದಲ್ಲೇ ನೀಟಾಗಿ ಕೂತಿದ್ದರೂ ಎಂಟು ಸಾವಿರ ಚಿಲ್ಲರೆ ತುಂಡು ಅಂತಲೇ ಕಾಣುತ್ತದೆ. ಅದನ್ನು ನೋಡಿ ಡಿಫ್ರ್ಯಾಗ್ ಮಾಡಲು ಹೊರಟರೆ ಸ್ನ್ಯಾಪ್‌ಶಾಟ್‌ಗಳ (ಹಿಂದಿನ ಸ್ಥಿತಿಯ ನಕಲುಗಳ) ಜೊತೆ ಹಂಚಿಕೊಂಡಿದ್ದ ಜಾಗ ಬೇರೆಯಾಗಿ ಡಿಸ್ಕೇ ತುಂಬಿಹೋಗಬಹುದು. ಇನ್ನು ಎಸ್‌ಎಸ್‌ಡಿ ಆದರೆ ಓಡಾಡಲು ಹೆಡ್ಡೇ ಇಲ್ಲ. ತೀರಾ ಸಣ್ಣ ಚೂರುಗಳು ಲಕ್ಷಗಟ್ಟಲೆ ಆಗದ ಹೊರತು ನಾನಂತೂ ಆ ಕಡೆ ತಿರುಗಿ ನೋಡುವುದಿಲ್ಲ.

ಕೊನೆಗೆ ಮಾಡಿದ್ದು

ಮಾಡಿದ್ದು ಒಂದೇ ಸಾಲಿನ ಕೆಲಸ. ವಿಎಂ ನಿಲ್ಲಿಸಿ, ಇಮೇಜನ್ನು ಅದೇ ಡಿಸ್ಕಿನಲ್ಲಿ ಬೇರೆ ಹೆಸರಿಗೆ ಕಾಪಿ ಮಾಡಿದೆ. ಈ ಸಲ ಸಿಪಿಗೆ ಸ್ಪಾರ್ಸ್ ಬೇಡ ಅನ್ನುವ ಆಯ್ಕೆ ಕೊಟ್ಟು, ತೂತುಗಳಿಗೂ ಸೊನ್ನೆ ತುಂಬುವ ಹಾಗೆ. ಹಳೆಯದನ್ನು ಅಳಿಸಿ ಹೊಸದಕ್ಕೆ ಅದರ ಹೆಸರಿಟ್ಟೆ. ಫಾರ್ಮ್ಯಾಟ್ ಇಲ್ಲ, ಏನಿಲ್ಲ. ವಿವರದ ಪಟ್ಟಿಯಲ್ಲಿ 320ಕ್ಕೂ ಜಾಸ್ತಿ ಸಾಲು ಬಂತು, ಯಾಕೆಂದರೆ ಒಂದು ಎಕ್ಸ್‌ಟೆಂಟ್ ನಮೂದು 128 ಎಂಬಿಗಿಂತ ಹೆಚ್ಚು ಹಿಡಿಯಲಾರದು, ಆದರೆ ಎಕ್ಸ್‌ಪೆಕ್ಟೆಡ್ ಕಾಲಂ ಬಹುತೇಕ ಖಾಲಿ. ಒಟ್ಟು ಲೆಕ್ಕ 26. ಎಲ್ಲ ಜಿಗಿತಗಳೂ ಬದುಗಳ ಹತ್ತಿರವೇ. ಇಎಕ್ಸ್‌ಟಿ4 ಈಗಾಗಲೇ ಇರುವ ಬ್ಲಾಕಿನ ಮೇಲೆ ಬರೆದರೆ ಅಲ್ಲೇ ಬರೆಯುತ್ತದೆ, ಬೇರೆ ಜಾಗ ಹುಡುಕುವುದಿಲ್ಲ. ಹಾಗಾಗಿ ಡೇಟಾಬೇಸ್ ಈಗ ಎಷ್ಟು ಕುಣಿದರೂ ಹೊರಗಿನ ಫೈಲ್ ಅಲುಗಾಡುವುದಿಲ್ಲ. ಎರಡು ತಿಂಗಳ ಮೇಲೆ ನೋಡಿದೆ, ಇನ್ನೂ 26.

ಹೊಸ ಇಮೇಜ್ ಮಾಡುವಾಗ ಈಗ ಟ್ರಂಕೇಟ್ ಬದಲು ಫಾಲೊಕೇಟ್ ಬಳಸುತ್ತೇನೆ. ಅದೂ ಕಣ್ಣು ಮಿಟುಕಿಸುವಷ್ಟರಲ್ಲೇ ಮುಗಿಯುತ್ತದೆ, ಆದರೆ ಜಾಗ ನಿಜಕ್ಕೂ ಕಾದಿರಿಸುತ್ತದೆ. ವಿಎಂ ಓಡಿಸುವ ಕ್ಯುಎಮು ಪ್ರೋಗ್ರಾಂನ ಇಮೇಜ್ ಮಾಡುವ ಕಮಾಂಡಿಗೂ ಇಂಥದೇ ಆಯ್ಕೆ ಇದೆ. 40 ಜಿಬಿ ಜಾಗ ಮೊದಲೇ ಕೈಬಿಟ್ಟು ಹೋಗುತ್ತದೆ ಅನ್ನೋದು ನಿಜ. ಜಾಗ ಉಳಿಸಬೇಕಾದ ಕಡೆ ಟೊಳ್ಳು ಫೈಲೇ ಸರಿ, ಆಗ ಚೂರಾಗುವುದನ್ನು ಸಹಿಸಿಕೊಳ್ಳಬೇಕು.

ಆಫೀಸಿನಲ್ಲಿ ಸರ್‌ಗೆ ಹೋಗಿ ಹೇಳಿದೆ, 26ಕ್ಕೆ ಬಂತು ಸರ್, ಬ್ಯಾಕಪ್ ಮತ್ತೆ 150ರಲ್ಲಿ ಓಡುತ್ತಿದೆ ಅಂತ. ತಲೆಯಾಡಿಸಿದರು. "ಹೊರಗಡೆಯದಾಯಿತು. ವಿಎಂ ಒಳಗಡೆ ಹೋಗಿ ಡೇಟಾಬೇಸ್ ಫೈಲ್ ನೋಡಿದೀಯಾ?"

ನೋಡಿರಲಿಲ್ಲ. ಒಳಗೂ ಇನ್ನೊಂದು ಇಎಕ್ಸ್‌ಟಿ4 ಇದೆಯಲ್ಲ, ಅದಕ್ಕೂ ತನ್ನದೇ ಬದುಗಳು, ತನ್ನದೇ ಎಫ್‌ಸಿಂಕ್‌ಗಳು. ಆವತ್ತು ಸಂಜೆ ಲಾಗಿನ್ ಆಗಿ ಫೈಲ್‌ಫ್ರ್ಯಾಗ್ ಓಡಿಸಿದೆ. ಸಾವಿರದ ಎಂಟುನೂರು ಚಿಲ್ಲರೆ. ಈ ಸಲ ಮೊದಲು ಕ್ಯಾಲ್ಕ್ಯುಲೇಟರ್ ತೆಗೆದೆ.